ಮುಟ್ಟಿನ ಹೊಟ್ಟೆನೋವಿಗೆ ಉಪಶಮನ: ಮಲೆನಾಡಿನ ಮನೆಗಳಿಗೊಂದು ಮಾಹಿತಿ

ಮುಟ್ಟಿನ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ಏಳುವ ಸೆಳೆತ, ಸೊಂಟಕ್ಕೂ ತೊಡೆಗೂ ಇಳಿಯುವ ನೋವು, ಜೊತೆಗೆ ವಾಕರಿಕೆ, ಭೇದಿ, ತಲೆನೋವು, ಸುಸ್ತು. ಇವೆಲ್ಲಕ್ಕೂ ಸೇರಿ ವೈದ್ಯರು ಡಿಸ್ಮೆನೋರಿಯಾ ಎನ್ನುತ್ತಾರೆ. ಆಯುರ್ವೇದದವರು ಕಷ್ಟಾರ್ತವ ಎನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಈ ನೋವಿಗೆ ಎರಡು ಸಿದ್ಧ ಉತ್ತರಗಳಿವೆ. ‘ಎಲ್ಲರಿಗೂ ಬರೋದೇ, ತಡ್ಕೋ’ ಎನ್ನುವುದು ಒಂದು, ‘ಮದುವೆಯಾಗಿ ಒಂದು ಮಗು ಆದ್ರೆ ಸರಿಹೋಗುತ್ತೆ’ ಎನ್ನುವುದು ಇನ್ನೊಂದು. ಎರಡರಲ್ಲೂ ಚೂರು ಸತ್ಯವಿದೆ. ಆದರೆ ಮದ್ದು ಕೈಗೆಟುಕುವಲ್ಲೇ ಇರುವಾಗ ಹದಿನೈದರ ಹುಡುಗಿ ಹತ್ತು ವರ್ಷ ಕಾಯಬೇಕಾದ ಕಾರಣ ಯಾವುದೂ ಇಲ್ಲ.

ನೋವು ಹುಟ್ಟುವ ಬಗೆ

ಗರ್ಭ ನಿಲ್ಲದ ತಿಂಗಳಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡಿಸಿ ಕಳಚಿದ ಪದರವನ್ನು ಹೊರಹಾಕಿಸುತ್ತವೆ. ಪ್ರಮಾಣ ಹೆಚ್ಚಾದರೆ ಹಿಂಡುವಿಕೆ ಎಷ್ಟು ಬಿಗಿಯಾಗುತ್ತದೆಂದರೆ, ಒಳಗಿನ ಒತ್ತಡ 120 ಮಿಲಿಮೀಟರ್ ಪಾದರಸವನ್ನೂ ಮೀರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ರಕ್ತದೊತ್ತಡದ ಮೇಲಿನ ಅಂಕಿಯೂ ಆರೋಗ್ಯವಂತರಲ್ಲಿ ಅಷ್ಟೇ. ಆ ಗಳಿಗೆಯಲ್ಲಿ ಸ್ನಾಯುವಿಗೆ ರಕ್ತ ಹರಿಯುವುದೇ ನಿಲ್ಲುತ್ತದೆ. ಆಮ್ಲಜನಕ ಸಿಗದ ಸ್ನಾಯು ನೋಯುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆಣಕುವುದರಿಂದ ಮೊದಲ ದಿನ ಭೇದಿಯೂ ಆಗುತ್ತದೆ. ತಿಂದದ್ದು ಆಗಿಬರಲಿಲ್ಲ ಎಂದು ಮನೆಯವರು ಬೈಯುವುದು ಇದಕ್ಕೇ.

ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಕೆರಳಿಸುವ ವಸ್ತುವಿದೆ ಎಂದು ಬ್ರಿಟನ್ನಿನ ವಿ. ಆರ್. ಪಿಕಲ್ಸ್ 1957ರಲ್ಲಿ ಪ್ರಕಟಿಸಿದರು. ಆಸ್ಪಿರಿನ್ ಜಾತಿಯ ಔಷಧಗಳು ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು. ಅಲ್ಲಿಯವರೆಗೆ ಈ ನೋವನ್ನು ಹೆಂಗಸರ ಮನಸ್ಸಿನ ಕಾಯಿಲೆ ಎಂದು ಬರೆದ ವೈದ್ಯರು ಬೇಕಾದಷ್ಟಿದ್ದರು.

ಇದು ಪ್ರಾಥಮಿಕ ಬಗೆ. ಮೈನೆರೆದ ಮೇಲೆ ಒಂದೆರಡು ವರ್ಷದೊಳಗೆ ಶುರುವಾಗಿ, ಪ್ರತಿಸಲವೂ ಸ್ರಾವಕ್ಕೆ ಸ್ವಲ್ಪ ಮೊದಲು ಬಂದು, ಎರಡು ಮೂರು ದಿನದಲ್ಲಿ ಅಡಗುತ್ತದೆ. ರಕ್ತ ಹರಿದ ಕೂಡಲೇ ನೋವು ಹಗುರಾಗುವ ಒಂದು ಅವಸ್ಥೆಯನ್ನು ಚರಕಸಂಹಿತೆಯೂ ಬೇರೆಯಾಗಿ ಗುರುತಿಸಿದೆ. ಎರಡನೆಯ ಬಗೆಗೆ ಗರ್ಭಕೋಶದಲ್ಲೋ ಅದರ ಸುತ್ತಲೋ ಒಂದು ರೋಗ ಕಾರಣವಾಗಿರುತ್ತದೆ. ಅದರ ಮಾತು ಮುಂದೆ.

ಹೊರಗೆ ಕೂರುವ ಮೂರು ದಿನ

ಸಾಗರದ ಹತ್ತಿರದ ವರದಹಳ್ಳಿ ಶ್ರೀಧರ ಸ್ವಾಮಿಗಳ ಆಶ್ರಮದಿಂದ ಹೆಸರಾದ ಊರು. ಸುತ್ತಲಿನ ಅಡಿಕೆ ತೋಟದ ಮನೆಗಳಲ್ಲಿ ಮಡಿ-ಮೈಲಿಗೆಯ ಲೆಕ್ಕ ಬಿಗಿಯಾಗಿತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಹೊರಗಾದವಳಿಗೆ ಬೇರೆ ಚಾಪೆ, ಬೇರೆ ಕಂಬಳಿ, ಬೇರೆ ತಟ್ಟೆ. ನಾಲ್ಕನೆಯ ದಿನ ತಲೆಸ್ನಾನ ಮಾಡಿ ಒಳಗೆ ಬರುವುದು.

‘ಹಿಂದಿನವರು ವಿಶ್ರಾಂತಿಗೆಂದೇ ಮಾಡಿದ್ದು’ ಎಂಬ ಸಮರ್ಥನೆ ಇದಕ್ಕೆ ಸಲೀಸಾಗಿ ಬರುತ್ತದೆ. ಅಡುಗೆಮನೆಯಿಂದ ಬಿಡುವು ಸಿಗುತ್ತಿದ್ದುದು ನಿಜ. ಆದರೆ ನೋವಿನ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಒಲೆ ಮುಟ್ಟುವಂತಿಲ್ಲವಾದ್ದರಿಂದ ಒಂದು ಲೋಟ ಶುಂಠಿ ಕಷಾಯಕ್ಕೂ ಇನ್ನೊಬ್ಬರನ್ನು ಕೇಳಬೇಕು. ಬಚ್ಚಲ ಒಲೆಯ ಹಂಡೆಯಲ್ಲಿ ನೀರು ಕುದಿಯುತ್ತಿದ್ದರೂ ಬಿಸಿನೀರು ಬೇಕಾದ ದಿನಗಳಲ್ಲೇ ಅದು ಅವಳಿಗಿಲ್ಲ. ಮಳೆಗಾಲದ ಥಂಡಿಯಲ್ಲಿ ಜಗಲಿಯ ಮೂಲೆ. ಎಷ್ಟೋ ಮನೆಗಳಲ್ಲಿ ಒಳಗಿನ ಕೆಲಸ ತಪ್ಪಿದ್ದಕ್ಕೆ ಬದಲಾಗಿ ಹೊರಗಿನ ಕೆಲಸ ಕಾದಿರುತ್ತಿತ್ತು. ಮಲಗಬೇಕೆನಿಸಿದಾಗ ಮಲಗುವುದು ವಿಶ್ರಾಂತಿ. ಮೂಲೆಯಲ್ಲಿ ಕೂರಿಸುವುದಕ್ಕೆ ಅದೇ ಹೆಸರು ಕೊಡಲಾಗದು.

ಬಿಸಿ

ಮನೆಮದ್ದುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಆಧಾರ ಇರುವುದು ಶಾಖಕ್ಕೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಕಿಬ್ಬೊಟ್ಟೆಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುವ ಪಟ್ಟಿಯನ್ನು ದಿನಕ್ಕೆ 12 ಗಂಟೆ ಕಟ್ಟಿಸಿದಾಗ, ಐಬುಪ್ರೊಫೆನ್ ಮಾತ್ರೆಯಷ್ಟೇ ಆರಾಮ ಸಿಕ್ಕಿತು. 39 ಡಿಗ್ರಿ ಎಂದರೆ ಮೈಗಿಂತ ತುಸು ಹೆಚ್ಚು, ಅಷ್ಟೇ. ಸುಡುವ ಬಿಸಿ ಬೇಕಿಲ್ಲ, ಬಹಳ ಹೊತ್ತು ಬಿಡದೆ ಬೆಚ್ಚಗಿರಬೇಕು.

ರಬ್ಬರಿನ ಬಿಸಿನೀರ ಚೀಲ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹುರಿದ ಉಪ್ಪನ್ನೋ ಮರಳನ್ನೋ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಬಹುದು. ಯಾವುದಾದರೂ ನೇರ ಚರ್ಮಕ್ಕೆ ತಾಗಬಾರದು. ತಿಂಗಳು ತಿಂಗಳು ಅತಿ ಬಿಸಿ ಇಟ್ಟವರ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಉಳಿಯುವುದುಂಟು. ಹಂಡೆಯ ನೀರನ್ನು ಸೊಂಟಕ್ಕೆ ಹೊಯ್ದುಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಮುಟ್ಟಿನಲ್ಲಿ ಮಿಂದರೆ ರಕ್ತ ಕಟ್ಟಿಕೊಳ್ಳುತ್ತದೆ ಎಂಬುದು ಬರೀ ಹೆದರಿಕೆ.

ನಡಿಗೆ, ಯೋಗ, ಓಟ ಏನೇ ಆಗಲಿ, ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಮೈ ಬಗ್ಗಿಸಿದವರಲ್ಲಿ ನೋವು ಕಡಿಮೆಯಾದದ್ದು ಕಂಡುಬಂದಿದೆ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು ಈ ಲೆಕ್ಕಕ್ಕೆ ಬಾರದು. ಅಲ್ಲಿ ದುಡಿಯುವುದು ಕೈ. ಸೊಂಟ ಹಿಡಿದುಕೊಂಡೇ ಇರುತ್ತದೆ. ಆ ದಿನಗಳಲ್ಲಿ ನಡುನಡುವೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬೇಕು.

ಕಷಾಯ, ಅರಿಷ್ಟ

ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಒಣಶುಂಠಿ ಹುರಿದು ಮಾಡಿದ ಕಷಾಯದ ಪುಡಿ ಇಲ್ಲದ ಮನೆ ಈ ಕಡೆ ಅಪರೂಪ. ಇವುಗಳಲ್ಲಿ ಪರೀಕ್ಷೆಗೆ ಒಡ್ಡಿಕೊಂಡು ಸ್ವಲ್ಪ ಮಟ್ಟಿಗೆ ಗೆದ್ದದ್ದು ಶುಂಠಿ. 2009ರಲ್ಲಿ ಇರಾನಿನ 150 ವಿದ್ಯಾರ್ಥಿನಿಯರ ಮೇಲೆ ನಡೆದ ಪರೀಕ್ಷೆಯಲ್ಲಿ 250 ಮಿಲಿಗ್ರಾಂ ಶುಂಠಿಪುಡಿಯನ್ನು ದಿನಕ್ಕೆ ನಾಲ್ಕು ಸಲ, ಮೊದಲ ಮೂರು ದಿನ ಕೊಟ್ಟಾಗ ಮೆಫೆನಾಮಿಕ್ ಆ್ಯಸಿಡ್‌ನಷ್ಟೇ ಉಪಶಮನವಾಯಿತು. ಒಟ್ಟು ದಿನಕ್ಕೆ ಒಂದು ಗ್ರಾಂ, ಅಂದರೆ ಅರ್ಧ ಚಮಚೆಯ ಆಸುಪಾಸು. ಇಂಥ ಪರೀಕ್ಷೆಗಳು ಚಿಕ್ಕವು, ಎಲ್ಲವೂ ಅಚ್ಚುಕಟ್ಟಾಗಿ ನಡೆದಿಲ್ಲ ಎಂಬ ಆಕ್ಷೇಪವೂ ಇದೆ. ಹಾಗಾಗಿ ಕುಡಿದು ನೋಡಿ, ಆದರೆ ಕಷಾಯವೇ ಸಾಕೆಂದು ಹುಡುಗಿಯನ್ನು ಒತ್ತಾಯಿಸಬೇಡಿ. ಮೆಂತೆ, ದಾಲ್ಚಿನ್ನಿಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಅಶೋಕದ ತೊಗಟೆಯಿಂದ ಮಾಡುವ ಅಶೋಕಾರಿಷ್ಟ ಹುದುಗು ಬಂದ ಔಷಧ, ಅದರಲ್ಲಿ ಸ್ವಲ್ಪ ಮದ್ಯಸಾರ ತಾನಾಗಿ ಹುಟ್ಟಿರುತ್ತದೆ. ನಿಜವಾದ ಅಶೋಕ ಪಶ್ಚಿಮಘಟ್ಟದಲ್ಲೇ ವಿರಳವಾಗಿದೆ. ಕಂಬದಂತೆ ನೆಟ್ಟಗೆ ಬೆಳೆಯುವ, ಶಾಲೆಯ ಕಾಂಪೌಂಡಿನಲ್ಲಿ ಕಾಣುವ ಮರದ ತೊಗಟೆಯನ್ನು ಅದರ ಹೆಸರಲ್ಲಿ ಮಾರುವುದುಂಟು. ತೊಗಟೆ ನೋಡಿ ಗುರುತು ಹಿಡಿಯುವುದು ನಮ್ಮನಿಮ್ಮಿಂದ ಆಗದ ಕೆಲಸ.

ಮಾತ್ರೆ: ಏನು, ಯಾವಾಗ

ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್, ನ್ಯಾಪ್ರಾಕ್ಸೆನ್ ಮೂರೂ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ನಿಲ್ಲಿಸುತ್ತವೆ. ಆದ್ದರಿಂದ ನೋವು ತಾರಕಕ್ಕೇರುವವರೆಗೆ ಕಾದು ನುಂಗಿದರೆ ಅರ್ಧ ಪ್ರಯೋಜನ ಹೋಯಿತು. ಆಗಲೇ ತಯಾರಾದದ್ದನ್ನು ಅವು ಅಳಿಸಲಾರವು. ಮೊದಲ ಸೆಳೆತಕ್ಕೋ ಸ್ರಾವ ಕಂಡ ಕೂಡಲೋ ಶುರುಮಾಡಿ, ಎರಡು ಮೂರು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ‘ಮಾತ್ರೆ ತಗೊಂಡ್ರೂ ಏನೂ ಆಗ್ಲಿಲ್ಲ’ ಎನ್ನುವವರಲ್ಲಿ ತಡವಾಗಿ ನುಂಗಿದವರೇ ಬಹಳ.

ದೊಡ್ಡವರಿಗೆ ಐಬುಪ್ರೊಫೆನ್ ಒಂದು ಸಲಕ್ಕೆ 400 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ. ವೈದ್ಯರನ್ನು ಕೇಳದೆ ದಿನಕ್ಕೆ 1200 ಮಿಲಿಗ್ರಾಂ ದಾಟಬಾರದು. ಊಟದ ಮೇಲೆ ನುಂಗಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ, ಇಂಥ ಮಾತ್ರೆಯಿಂದ ಉಬ್ಬಸ ಬರುವವರಿಗೆ, ಬಸಿರಿನ ಅನುಮಾನ ಇದ್ದವರಿಗೆ ಇವು ಬೇಡ. ಇಂಥ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗುವುದೂ ಬೇಡ. ಇವು ಒಗ್ಗದವರಿಗೆ ಪ್ಯಾರಾಸಿಟಮಾಲ್ ಇದೆ, ಬಲ ಕಡಿಮೆ.

ಪೇಟೆಯ ಔಷಧದಂಗಡಿಯಲ್ಲಿ ಹುಡುಗಿಯರು ಹೆಸರು ಹಿಡಿದೇ ಕೇಳುವ ಮೆಫ್ಟಾಲ್ ಸ್ಪಾಸ್‌ನಲ್ಲಿ 250 ಮಿಲಿಗ್ರಾಂ ಮೆಫೆನಾಮಿಕ್ ಆ್ಯಸಿಡ್ ಜೊತೆಗೆ ಸೆಳೆತ ಸಡಿಲಿಸುವ ಡೈಸೈಕ್ಲೊಮಿನ್ 10 ಮಿಲಿಗ್ರಾಂ ಇರುತ್ತದೆ. ಬಾಯಿ ಒಣಗುವುದು, ಮಂಪರು ಬರುವುದು ಈ ಎರಡನೆಯದರಿಂದ. ಮೆಫೆನಾಮಿಕ್ ಆ್ಯಸಿಡ್ ಅಪರೂಪಕ್ಕೆ ಡ್ರೆಸ್ ಎಂಬ ತೀವ್ರ ಅಲರ್ಜಿ ತರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತು. ಮಾತ್ರೆ ನುಂಗಿದ ಕೆಲವು ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಗಂಟಲ ಬಳಿ ಗಡ್ಡೆ ಕಂಡರೆ ಅಸಡ್ಡೆ ಮಾಡುವಂತಿಲ್ಲ. ಮಾಮೂಲಿ ಬಳಕೆಗೆ ಈ ಎಚ್ಚರಿಕೆ ಅಡ್ಡಿಯಾಗಬೇಕಿಲ್ಲ.

ಈ ಮಾತ್ರೆಗಳು ಸಾಲದಿದ್ದರೆ ಹಾರ್ಮೋನು ಮಾತ್ರೆಗಳಿವೆ. ಗರ್ಭನಿರೋಧಕ ಎಂದೇ ಹೆಸರಾದ ಇವು ಗರ್ಭಕೋಶದ ಪದರವನ್ನು ತೆಳುವಾಗಿಸುತ್ತವೆ, ಪದರ ತೆಳುವಾದರೆ ಪ್ರೋಸ್ಟಾಗ್ಲಾಂಡಿನ್ ಕೂಡ ಕಡಿಮೆ. ಮದುವೆಯಾಗದ ಹುಡುಗಿಗೆ ವೈದ್ಯರು ಇದನ್ನು ಬರೆದುಕೊಟ್ಟರೆ ತಾಯಿ ಗಾಬರಿಯಾಗಬೇಕಿಲ್ಲ.

ಮಂಗನ ಕಾಯಿಲೆಯ ಕಾಲದಲ್ಲಿ

ಈ ಸೀಮೆಗೇ ಬೇಕಾದ ಒಂದು ಎಚ್ಚರಿಕೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ಪಡೆದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ತಲೆ ಎತ್ತುತ್ತದೆ. ದರಗು, ಸೊಪ್ಪು ತರಲು ಕಾಡಿಗೆ ಹೋಗುವ ಹೆಂಗಸರಿಗೆ ಅದನ್ನು ಹರಡುವ ಉಣ್ಣೆ ಕಚ್ಚುವ ಕಾಲವೂ ಅದೇ. ಸೊಂಟನೋವು, ಮೈಕೈ ನೋವಿನಿಂದ ಶುರುವಾದದ್ದನ್ನು ಮುಟ್ಟಿನದೆಂದು ತಿಳಿದು ಇದ್ದ ಮಾತ್ರೆ ನುಂಗಿಬಿಡುವ ಅಪಾಯವಿದೆ. ಈ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯವಿರುತ್ತದೆ. ಐಬುಪ್ರೊಫೆನ್, ಮೆಫೆನಾಮಿಕ್, ಆಸ್ಪಿರಿನ್ ಅದನ್ನು ಹೆಚ್ಚಿಸಬಲ್ಲವು. ಮುಟ್ಟಿನ ನೋವಿಗೆ ಜ್ವರ ಬರುವುದಿಲ್ಲ. ಜ್ವರ ಇದ್ದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಪೂಜೆಗೆಂದು ಮುಂದೂಡುವ ಮಾತ್ರೆ

ವರದಹಳ್ಳಿಗೆ ಹೋಗುವುದಿದೆ, ಮನೆಯಲ್ಲಿ ಸತ್ಯನಾರಾಯಣ ಕಥೆಯಿದೆ, ತಂಗಿಯ ಮದುವೆಯಿದೆ ಎಂದು ಮುಟ್ಟನ್ನೇ ಮುಂದೂಡುವ ರೂಢಿ ಈಗ ಎಲ್ಲ ಕಡೆ ಬೆಳೆದಿದೆ. ಇದಕ್ಕೆ ಬಳಸುವುದು ನಾರ್‌ಎಥಿಸ್ಟೆರಾನ್. ಸಾಮಾನ್ಯವಾಗಿ 5 ಮಿಲಿಗ್ರಾಂನಂತೆ ದಿನಕ್ಕೆ ಮೂರು, ಮುಟ್ಟಿನ ದಿನಕ್ಕಿಂತ ಮೂರು ದಿನ ಮೊದಲೇ ಆರಂಭ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಇದು ಹೊಟ್ಟೆನೋವಿನ ಮದ್ದಿನ ಬದಲಿಯೂ ಅಲ್ಲ, ಈ ಕ್ರಮದಲ್ಲಿ ತೆಗೆದುಕೊಂಡರೆ ಗರ್ಭನಿರೋಧಕವೂ ಅಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಹಿಂದಿನ ಇತಿಹಾಸವಿದ್ದವರಿಗೆ, ಯಕೃತ್ತಿನ ರೋಗವಿದ್ದವರಿಗೆ ಅಪಾಯ. ಅತ್ತಿಗೆಯ ಚೀಟಿ ತೋರಿಸಿ ನಾದಿನಿ ತರುವ ಮಾತ್ರೆಯಂತೂ ಅಲ್ಲವೇ ಅಲ್ಲ. ಹಬ್ಬಹಬ್ಬಕ್ಕೂ ಇದನ್ನು ನುಂಗಿಸುವ ಮನೆಯವರು ಒಮ್ಮೆ ಯೋಚಿಸಬೇಕು: ಇದು ಬೇಕಿರುವುದು ದೇವರಿಗೋ, ನೆಂಟರಿಗೋ?

ಮಾಮೂಲಿ ನೋವಲ್ಲ ಎಂದು ತಿಳಿಯುವುದು ಹೇಗೆ

ಇಪ್ಪತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ವರ್ಷ ವರ್ಷಕ್ಕೆ ಏರುತ್ತಿರುವ ನೋವು, ಮುಟ್ಟು ಮುಗಿದರೂ ಬಿಡದ ನೋವು, ಸಂಭೋಗದಲ್ಲೋ ಮಲವಿಸರ್ಜನೆಯಲ್ಲೋ ಕಾಣುವ ನೋವು, ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ಸ್ರಾವ, ದುರ್ವಾಸನೆಯ ಬಿಳಿಸೆರಗು, ಇಂಥವು ಕಂಡರೆ ಪರೀಕ್ಷೆ ಬೇಕು. ಕಾರಣ ಗಡ್ಡೆಯಿರಬಹುದು, ಸೋಂಕಿರಬಹುದು, ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಈ ಕೊನೆಯ ರೋಗ ಹೆರುವ ವಯಸ್ಸಿನ ನೂರರಲ್ಲಿ ಸುಮಾರು ಹತ್ತು ಹೆಂಗಸರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಪತ್ತೆಯಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ‘ಮಗು ಆದ್ರೆ ಸರಿಹೋಗುತ್ತೆ’ ಎಂಬ ಮಾತು ಕೆಡುಕು ಮಾಡುವುದು ಇಲ್ಲೇ, ಏಕೆಂದರೆ ಕೆಲವರಲ್ಲಿ ಮಗು ಆಗದಿರಲು ಈ ರೋಗವೇ ಕಾರಣ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದೂ ಅಲ್ಲ.

ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಊರಿನ ಆಶಾ ಕಾರ್ಯಕರ್ತೆಗೆ ದಾರಿ ಗೊತ್ತಿರುತ್ತದೆ. ಮುಂದಿನ ಹಂತಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಹೋಗುವಾಗ ಕ್ಯಾಲೆಂಡರಿನಲ್ಲಿ ಎರಡು ಮೂರು ತಿಂಗಳ ನೋವಿನ ದಿನಗಳನ್ನೂ ನುಂಗಿದ ಮಾತ್ರೆಗಳನ್ನೂ ಗುರುತು ಹಾಕಿಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಒಂದು ದಿನದ ರಜೆ

2025ರ ಅಕ್ಟೋಬರ್ 9ರಂದು ಕರ್ನಾಟಕ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿತು. ಸರ್ಕಾರಿ ಕಚೇರಿಯೂ ಖಾಸಗಿ ಸಂಸ್ಥೆಯೂ ಇದರೊಳಗೆ ಬರುತ್ತವೆ. ಸುಲಿದಷ್ಟಕ್ಕೆ ಕೂಲಿ ಎಂಬ ಲೆಕ್ಕದಲ್ಲಿ ಅಡಿಕೆ ಚಪ್ಪರಕ್ಕೆ ಬರುವವಳಿಗೆ ಮಾತ್ರ ಬಾರದ ದಿನ ಎಂದರೆ ದುಡ್ಡಿಲ್ಲದ ದಿನ. ಅವಳ ಮಟ್ಟಿಗೆ ಹೊತ್ತಿಗೆ ಸರಿಯಾಗಿ ನುಂಗಿದ ಮಾತ್ರೆಯೇ ಸದ್ಯಕ್ಕೆ ಸಿಗುವ ಉಪಶಮನ. ಅದನ್ನು ಚಪ್ಪರದ ಮೂಲೆಯಲ್ಲಿ ಕುಡಿಯುವ ನೀರಿನ ಜೊತೆ ಇಟ್ಟಿರಲು ತೋಟದ ಯಜಮಾನರಿಗೆ ದೊಡ್ಡ ಖರ್ಚೇನೂ ಬೀಳದು.