ಕತ್ತರಿ ತಾಗಿದ ಮೇಲೆ ಒಂದು ಸೂಜಿ

ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಊರಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ಕತ್ತರಿ ಹಾಕಿಸ್ಬೇಡಿ, ಹಾಕಿದ್ರೆ ಮೈಯೆಲ್ಲಾ ಹರಡುತ್ತೆ." ಹೇಗೋ ಒಪ್ಪಿಸಿ ಬೆಂಗಳೂರಿಗೆ ಕರೆತಂದು ಆಪರೇಷನ್ ಮಾಡಿಸಿದೆವು. ಮನೆಗೆ ಕಳಿಸೋ ದಿನ ಡಾಕ್ಟರು, ಫ್ಲೂ ಇಂಜೆಕ್ಷನ್ನೂ ಹಾಕಿಸಿಕೊಳ್ಳಿ ಅಂದರು.

"ನೆಗಡಿ ಇಂಜೆಕ್ಷನ್ನಿಗೂ ಈ ಕಾಯಿಲೆಗೂ ಏನ್ಲಾ ಸಂಬಂಧ?" ದೊಡ್ಡಪ್ಪ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಕೂತು ಹುಡುಕಿದರೆ ಕಥೆ 1891ರ ನ್ಯೂಯಾರ್ಕಿಗೆ ಹೋಗಿ ನಿಂತಿತು.

ವಿಲಿಯಂ ಕೋಲಿ ಅಲ್ಲಿನ ಯುವ ಸರ್ಜನ್. ಕೈಗೆ ಸಾರ್ಕೋಮಾ ಆಗಿದ್ದ ಹದಿಹರೆಯದ ಹುಡುಗಿಯೊಬ್ಬಳ ಕೈ ಕತ್ತರಿಸಿ ತೆಗೆದರೂ ಅವಳು ಉಳಿಯಲಿಲ್ಲ. ನೊಂದ ಕೋಲಿ ಆಸ್ಪತ್ರೆಯ ಹಳೇ ದಾಖಲೆಗಳನ್ನು ಕೆದಕಿದರು, ನಾವು ಬಗ್ ಹುಡುಕೋಕೆ ಲಾಗ್ ಫೈಲ್ ಕೆದಕ್ತೀವಲ್ಲ, ಹಾಗೆ. ಕತ್ತಿನ ಗಡ್ಡೆಗೆ ಹಲವು ಸಲ ಆಪರೇಷನ್ ಆಗಿದ್ದ ರೋಗಿಯೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ, ಜ್ವರ ಏರಿ, ಗಡ್ಡೆಯೇ ಕರಗಿಹೋಗಿತ್ತು. ಕೋಲಿ ಹುಡುಕಿಕೊಂಡು ಹೋದಾಗ ಆತ ಗಟ್ಟಿಮುಟ್ಟಾಗಿದ್ದ.

ಆಮೇಲೆ ಕೋಲಿ ಬೇಕಂತಲೇ ಆ ಬ್ಯಾಕ್ಟೀರಿಯಾವನ್ನು ರೋಗಿಗಳಿಗೆ ಚುಚ್ಚಿದರು. ಕೆಲವರು ಸುಧಾರಿಸಿದರು, ಕೆಲವರು ಸೋಂಕಿನಿಂದಲೇ ಸತ್ತರು. ಮುಂದೆ ಸತ್ತ ಬ್ಯಾಕ್ಟೀರಿಯಾ ಬಳಸಿದರು. ಫಲಿತಾಂಶ ಒಂದೇ ಸಮ ಬರಲಿಲ್ಲ. ಅಷ್ಟರಲ್ಲಿ ರೇಡಿಯೇಷನ್ ಬಂತು, ಕೋಲಿ ಮರೆತುಹೋದರು.

ಅದೇ ಯೋಚನೆ ಮತ್ತೆ ಎದ್ದಿದ್ದು 1976ರಲ್ಲಿ, ಕೆನಡಾದಲ್ಲಿ. ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಲಸಿಕೆ ಬಳಸಿ ತೋರಿಸಿದರು. ಹೌದು, ಟಿಬಿಗೆ ಅಂತ ಹಾಕಿ ನಮ್ಮ ತೋಳಿನ ಮೇಲೆ ಕಲೆ ಉಳಿಸಿದ ಅದೇ ಬಿಸಿಜಿ! ಆರಂಭದ ಹಂತದ ಮೂತ್ರಕೋಶದ ಕ್ಯಾನ್ಸರಿಗೆ ಅದು ಇವತ್ತಿಗೂ ಚಿಕಿತ್ಸೆ.

ಫ್ಲೂ ಲಸಿಕೆಯ ದಾರಿ ಬೇರೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಬೇರ್ಪಡಿಸಿದರು. 1940ರ ದಶಕದಲ್ಲಿ ಥಾಮಸ್ ಫ್ರಾನ್ಸಿಸ್, ಜೋನಸ್ ಸಾಕ್ ಅಮೆರಿಕದ ಸೈನಿಕರಿಗೋಸ್ಕರ ಲಸಿಕೆ ಮಾಡಿದರು. ಆಗ ಕ್ಯಾನ್ಸರ್ ಯಾರ ತಲೆಯಲ್ಲೂ ಇರಲಿಲ್ಲ.

2013ರಲ್ಲಿ ಕೆನಡಾದ ಒಟ್ಟಾವಾದ ಸಂಶೋಧಕರು ಇಲಿಗಳಲ್ಲಿ ಒಂದು ಸಂಗತಿ ಕಂಡರು. ಆಪರೇಷನ್ನಿನ ಹೊಡೆತಕ್ಕೆ ಎನ್‌ಕೆ ಕೋಶಗಳು, ಅಂದ್ರೆ ಮೈಯೊಳಗಿನ ಕಾವಲುಗಾರರು, ಸ್ವಲ್ಪ ಕಾಲ ಮಂಕಾಗುತ್ತವೆ. ತಪ್ಪಿಸಿಕೊಂಡ ಕ್ಯಾನ್ಸರ್ ಕೋಶಗಳಿಗೆ ಅದೇ ಸಮಯ ಸಾಕು. ಆಪರೇಷನ್ ಹೊತ್ತಿಗೆ ಫ್ಲೂ ಲಸಿಕೆ ಕೊಟ್ಟಾಗ ಕಾವಲುಗಾರರು ಎಚ್ಚೆತ್ತರು, ಹರಡುವಿಕೆ ತಗ್ಗಿತು. ಮುಂದೆ ಡೆನ್ಮಾರ್ಕಿನ ಸಂಶೋಧಕರು ದೇಶದ ಆರೋಗ್ಯ ದಾಖಲೆಗಳಲ್ಲಿ ಇದನ್ನೇ ಮನುಷ್ಯರಲ್ಲಿ ಹುಡುಕತೊಡಗಿದರು. ಆದರೆ ಇಂಥ ದಾಖಲೆ ನಂಬುವಾಗ ಹುಷಾರಾಗಿರಬೇಕು: ಲಸಿಕೆ ಹಾಕಿಸಿಕೊಳ್ಳೋರು ಮೊದಲೇ ಆರೋಗ್ಯದ ಕಾಳಜಿ ಇರೋರು. ಜೊತೆಯಲ್ಲಿ ಕಂಡಿದ್ದೆಲ್ಲ ಕಾರಣ ಅಲ್ಲ. ಫ್ಲೂ ಲಸಿಕೆ ಕ್ಯಾನ್ಸರ್ ತಡೆಯುತ್ತೆ ಅಂತ ಇನ್ನೂ ಸಾಬೀತಾಗಿಲ್ಲ.

ಊರವರ ಭಯದಲ್ಲಿ ಚೂರು ನಿಜ ಇತ್ತು. ತೀರ್ಮಾನ ಮಾತ್ರ ತಪ್ಪು: ತೆಗೆಯದೆ ಬಿಟ್ಟ ಗಡ್ಡೆ ತಾನೇ ನಿಜವಾಗಿ ಹರಡೋದು?

ಬೆಳಿಗ್ಗೆ ದೊಡ್ಡಪ್ಪನಿಗೆ ಇಷ್ಟೇ ಹೇಳಿದೆ: "ಮೈ ಸೋತಿದೆ, ಈಗ ಫ್ಲೂ ಬಂದ್ರೆ ತಡ್ಕೊಳ್ಳೋದು ಕಷ್ಟ. ಇಂಜೆಕ್ಷನ್ ಅದಕ್ಕೆ. ಮಿಕ್ಕಿದ್ದು ಆದ್ರೆ ಲಾಭ."

ದೊಡ್ಡಪ್ಪ ಅಂಗಿ ತೋಳು ಮೇಲಕ್ಕೆ ಸರಿಸಿದರು. "ಆದ್ರೆ ಲಾಭ ಅನ್ನೋದು ರಾಗಿ ಬಿತ್ತೋನಿಗೆ ಹೊಸದೇನ್ಲಾ?"