ಹಳತಾದ ಒಂದು ಕಸುಬು

ಕಸುಬುಗಳ ಚರಿತ್ರೆ ಬರೆಯುವವರು ಅವುಗಳ ಹುಟ್ಟನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಅವು ಹಳತಾದ ಕಥೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಕಸುಬು ಬೆಳೆದುದನ್ನೂ ಹಳತಾದುದನ್ನೂ ಕಣ್ಣಾರೆ ಕಂಡವನಾದುದರಿಂದ ಎರಡನ್ನೂ ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ನನ್ನ ವೃತ್ತಿ. ವಯಸ್ಸು ೫೪. ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದೇನೆ.

೧೯೮೧ರಲ್ಲಿ ಐಬಿಎಂ ಕಂಪನಿಯ ಪಿ.ಸಿ. ಬಂದ ಮೇಲೆ ಕಂಪ್ಯೂಟರು ತಣ್ಣನೆಯ ದೊಡ್ಡ ಕೋಣೆಯಿಂದ ಗುಮಾಸ್ತನ ಮೇಜಿಗೆ ಇಳಿಯಿತು. ೧೯೮೩ರಲ್ಲಿ ೫೦ ಡಾಲರಿಗೂ ಕಡಮೆ ಬೆಲೆಗೆ ಟರ್ಬೊ ಪ್ಯಾಸ್ಕಲ್ ದೊರೆಯಿತು. ೧೯೯೦ರಲ್ಲಿ ವಿಂಡೋಸ್‌ನ ಮೂರನೆಯ ಆವೃತ್ತಿ ಬಂದು ಜನಪ್ರಿಯವಾಯಿತು. ಆದರೆ ಅದರ ಪರದೆಯ ಮೇಲೆ ಒಂದು ಬರಿಯ ಕಿಟಕಿಯನ್ನು ಮೂಡಿಸಬೇಕಾದರೂ ಪುಟಗಟ್ಟಲೆ ಬರೆಯಬೇಕಾಗಿತ್ತು. ಅಲನ್ ಕೂಪರ್ ಎಂಬಾತ ಪರದೆಯನ್ನು ಚಿತ್ರದಂತೆ ಜೋಡಿಸುವ ಒಂದು ಸಾಧನವನ್ನು ೧೯೮೮ರಲ್ಲಿ ಮೈಕ್ರೋಸಾಫ್ಟಿಗೆ ಮಾರಿದ್ದ. ಅದಕ್ಕೆ ಬೇಸಿಕ್ ಭಾಷೆಯನ್ನು ಗಂಟುಹಾಕಿ ಆ ಕಂಪನಿ ೧೯೯೧ರಲ್ಲಿ ವಿಷುಯಲ್ ಬೇಸಿಕ್ ಹೊರತಂದಿತು. ಗುಂಡಿಯ ಚಿತ್ರ ಎಳೆದು, ಅದನ್ನು ಒತ್ತಿದರೆ ಏನಾಗಬೇಕೆಂದು ನಾಲ್ಕು ಸಾಲು ಬರೆದರೆ ಸಾಕು. ಯಂತ್ರದ ಒಳಗುಟ್ಟು ಅರಿಯದಿದ್ದರೂ ಅಂಗಡಿಯ ಲೆಕ್ಕ ಬಲ್ಲವನು ಪ್ರೋಗ್ರಾಂ ಬರೆಯಬಲ್ಲವನಾದ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮಹಡಿ ಮಹಡಿಯಲ್ಲೂ ಇದನ್ನು ಕಲಿಸುವ ತರಗತಿಗಳು ಎದ್ದವು. ಅಂಥದೊಂದರಲ್ಲಿ ಕಲಿತು ನಾನು ನರ್ಸಿಂಗ್ ಹೋಮುಗಳ ಬಿಲ್ಲು, ಸಗಟು ಅಂಗಡಿಗಳ ದಾಸ್ತಾನು, ಸಹಕಾರ ಸಂಘಗಳ ಬಡ್ಡಿ ಇವುಗಳಿಗೆ ಪ್ರೋಗ್ರಾಂ ಬರೆದೆ. ೧೯೯೮ರಲ್ಲಿ ಬಂದು ನಮ್ಮವರ ಕೈಗೆ ಕನ್ನಡದ ಅಕ್ಷರ ಕೊಟ್ಟ 'ಬರಹ'ವೂ ಮೇಜಿನ ಕಂಪ್ಯೂಟರಿನ ತಂತ್ರಾಂಶವೇ.

ಅದೇ ವರ್ಷ ವಿಷುಯಲ್ ಬೇಸಿಕ್‌ನ ಆರನೆಯ ಆವೃತ್ತಿ ಬಂತು. ಹಳೆಯ ಸಂತತಿಯಲ್ಲಿ ಅದೇ ಕಡೆಯದು. ೨೦೦೨ರ ಡಾಟ್ ನೆಟ್‌ನಲ್ಲಿ ಹೆಸರು ಉಳಿಯಿತು, ಒಡಲು ಬದಲಾಯಿತು. ಹಳೆಯದನ್ನು ಹಾಗೆಯೇ ಅದಕ್ಕೆ ಸಾಗಿಸುವಂತಿರಲಿಲ್ಲ. ಬಳಸುವವರು ೨೦೦೫ರ ಮಾರ್ಚಿಯಲ್ಲಿ ಸಹಿ ಸಂಗ್ರಹಿಸಿ ಮನವಿ ಮಾಡಿಕೊಂಡರೂ ಕಂಪನಿ ಮಣಿಯಲಿಲ್ಲ. ೨೦೦೮ರ ಏಪ್ರಿಲಿನಲ್ಲಿ ಉಳಿದ ಬೆಂಬಲವೂ ನಿಂತಿತು. ಅಷ್ಟರಲ್ಲಿ ೨೦೦೪ರ ಜಿಮೇಲ್ ಬ್ರೌಸರಿನ ಶಕ್ತಿಯನ್ನು ತೋರಿಸಿತ್ತು. ೨೦೦೭ರ ಐಫೋನು ಕಂಪ್ಯೂಟರನ್ನು ಜೇಬಿಗೆ ಇಳಿಸಿತ್ತು.

ಇದರಲ್ಲಿ ಕಾಲವನ್ನು ಶಪಿಸುವುದು ನ್ಯಾಯವಲ್ಲ. ಒಂದು ತಪ್ಪು ತಿದ್ದಿದರೆ ಅದನ್ನು ಡಿಸ್ಕಿನಲ್ಲಿ ಹೊತ್ತು ಹನ್ನೊಂದು ಶಾಖೆಗಳಿಗೆ ಬಸ್ಸಿನಲ್ಲಿ ತಿರುಗಿದವನು ನಾನು. ಬ್ರೌಸರಿನ ಕೆಲಸವಾದರೆ ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತೆ.

ಆದರೆ ಒಂದು ಸೋಜಿಗವನ್ನು ಓದುಗರು ಗಮನಿಸಬೇಕು. ವಿಷುಯಲ್ ಬೇಸಿಕ್‌ನ ಪ್ರೋಗ್ರಾಂಗಳನ್ನು ಓಡಿಸುವ ಭಾಗವನ್ನು ಮೈಕ್ರೋಸಾಫ್ಟ್ ೨೦೨೧ರ ವಿಂಡೋಸ್ ೧೧ರಲ್ಲಿಯೂ ಉಳಿಸಿಕೊಂಡಿದೆ. ಬರೆದದ್ದು ಓಡುತ್ತಲೇ ಇದೆ. ಬರೆದವನು ಮಾತ್ರ ಬೇಡವಾಗಿದ್ದಾನೆ.

ಇಂಥದು ಹಿಂದೆಯೂ ನಡೆದಿದೆ. ೧೯೫೯-೬೦ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ ಮುದಿಯಾಯಿತೆಂದು ಎಲ್ಲರೂ ಹೇಳುತ್ತಿದ್ದಾಗಲೇ ೨೦೦೦ನೆಯ ಇಸವಿಯ ಗಂಡಾಂತರ ಎದುರಾಗಿ, ನಿವೃತ್ತರಿಗೆ ಮತ್ತೆ ಕರೆ ಹೋಯಿತು. ಬೆಂಗಳೂರಿನ ಕಂಪನಿಗಳಿಗೂ ಅದರಿಂದ ಕೈತುಂಬ ಕೆಲಸ ಸಿಕ್ಕಿತು. ೨೦೨೦ರ ಏಪ್ರಿಲಿನಲ್ಲಿ, ಕೋವಿಡ್ ಕಾಲದ ನಿರುದ್ಯೋಗ ಭತ್ಯದ ಅರ್ಜಿಗಳ ಭಾರಕ್ಕೆ ಹಳೆಯ ಯಂತ್ರಗಳು ಬಾಗಿದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರು ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿದರು. ಕೇಳಿದ್ದು ಸ್ವಯಂಸೇವಕರನ್ನು! ಅಗತ್ಯ ಬೇರೆ, ಸಂಬಳ ಬೇರೆ ಎಂಬ ಪಾಠವೂ ಅದರಲ್ಲಿದೆ.

ಇನ್ನೊಂದು ನಿದರ್ಶನ ಆಂಡರ್ಸ್ ಹೆಯಲ್ಸ್‌ಬರ್ಗ್ ಅವರದು. ಟರ್ಬೊ ಪ್ಯಾಸ್ಕಲ್ ಬರೆದವರು ಅವರೇ. ೧೯೯೫ರ ಡೆಲ್ಫಿಯ ಮುಖ್ಯ ಶಿಲ್ಪಿ ಅವರೇ. ಮುಂದೆ ಮೈಕ್ರೋಸಾಫ್ಟಿನಲ್ಲಿ ಸಿ ಶಾರ್ಪ್ ಭಾಷೆಯ ರಚನೆಯ ನೇತೃತ್ವ ವಹಿಸಿದವರೂ ಅವರೇ. ೨೦೧೨ರಲ್ಲಿ, ೫೦ ದಾಟಿದ ಮೇಲೆ, ಬ್ರೌಸರಿನ ಪ್ರೋಗ್ರಾಂಗಳಿಗೆಂದು ಟೈಪ್‌ಸ್ಕ್ರಿಪ್ಟ್ ತಂದರು. ಅವರು ಒಂದು ಯುಗದಿಂದ ಇನ್ನೊಂದಕ್ಕೆ ಹೊತ್ತುತಂದದ್ದು ಭಾಷೆಯನ್ನಲ್ಲ. ಬರೆಯುವವನು ಎಲ್ಲಿ ಎಡವುತ್ತಾನೆ, ಅವನನ್ನು ಹೇಗೆ ಮುಂಚೆಯೇ ಎಚ್ಚರಿಸಬೇಕು ಎಂಬ ತಿಳಿವನ್ನು.

ನಾವೆಲ್ಲರೂ ಅವರಂತಾಗಲಾರೆವು; ಬೆನ್ನಿಗೆ ದೊಡ್ಡ ಸಂಸ್ಥೆಯೂ ಇಲ್ಲ. ಸಂದರ್ಶನದಲ್ಲಿ ನನ್ನನ್ನು ಕೇಳುವುದು ನಿನ್ನೆ ಮೊನ್ನೆ ಬಂದ ಸಲಕರಣೆಯಲ್ಲಿ ಎಷ್ಟು ವರ್ಷದ ಅನುಭವವೆಂದು. "ನಿಮಗಿಂತ ಕಿರಿಯರ ಕೈಕೆಳಗೆ ದುಡಿಯಬಲ್ಲಿರಾ?" ಎಂದು ಒಬ್ಬರು ವಿನಯದಿಂದಲೇ ವಿಚಾರಿಸಿದರು. ಮಾರ್ಚಿ ೩೧ರ ರಾತ್ರಿ ಲೆಕ್ಕ ಮುಗಿಸುವಾಗ ಏನೇನು ಕೆಡಬಹುದು, ಕಂತು ತಪ್ಪಿದ ಸಾಲಕ್ಕೆ ಬಡ್ಡಿ ಹೇಗೆ ಕಟ್ಟಬೇಕು ಎಂದು ಯಾರೂ ಕೇಳಲಿಲ್ಲ. ನಾನು ಬಲ್ಲದ್ದು ಅದು.

ಆದುದರಿಂದ ಈಚೆಗೆ ಅರ್ಜಿಯಲ್ಲಿ ಭಾಷೆಗಳ ಪಟ್ಟಿಯನ್ನು ಕೆಳಗಿಳಿಸಿ, ಬಲ್ಲ ವ್ಯವಹಾರಗಳನ್ನು ಮೇಲೆ ಬರೆದಿದ್ದೇನೆ. ಒಂದು ಸಹಕಾರ ಸಂಘದ ಹಳೆಯ ಪ್ರೋಗ್ರಾಮನ್ನು ಬ್ರೌಸರಿಗೆ ಸಾಗಿಸುವ ಆರು ತಿಂಗಳ ಕೆಲಸ ಒದಗುವ ಹಾಗಿದೆ. ಹೊಸದನ್ನು ಬರೆಯುವಾಕೆ ೨೬ ವರ್ಷದ ತರುಣಿ. ಹಳೆಯದನ್ನು ಓದಿ ಅದರ ನಿಯಮಗಳನ್ನು ಹೇಳುವವನು ನಾನು. ಸಂಬಳ ಹಿಂದಿನದರ ಅರ್ಧ. ಆದರೂ ಒಪ್ಪಿಕೊಳ್ಳುವವನಿದ್ದೇನೆ. ಆ ಸಂಘದ ಸದಸ್ಯರ ಸಾಲ, ಠೇವಣಿಗಳ ಲೆಕ್ಕ ಇಂದಿಗೂ ಆ ಹಳೆಯ ಸಾಲುಗಳಲ್ಲಿಯೇ ಇದೆ. ಅದನ್ನು ಓದಬಲ್ಲವರು ಇರುವಾಗಲೇ ಓದಿಸಿಕೊಳ್ಳುವುದು ಸಂಘಕ್ಕೂ ಕ್ಷೇಮ.