ವಿಂಡೋಸ್ ಮರುಸ್ಥಾಪನೆ ಮತ್ತು ಸಕ್ರಿಯಗೊಳಿಸುವಿಕೆ
ಹಳೆಯ ಕಂಪ್ಯೂಟರಿಗೆ ವಿಂಡೋಸನ್ನು ಮತ್ತೆ ಹಾಕಲು ಹೊಸ ಪರವಾನಗಿ ಕೊಳ್ಳಬೇಕೆಂಬ ನಂಬಿಕೆ ಬಹುಮಟ್ಟಿಗೆ ತಪ್ಪು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಮನೆಬಳಕೆಗೂ ಬಂದ ಸಕ್ರಿಯಗೊಳಿಸುವ ಪದ್ಧತಿ 25 ಅಕ್ಷರಗಳ ಕೀಲಿಯನ್ನು ಯಂತ್ರದ ಬಿಡಿಭಾಗಗಳ ಗುರುತಿಗೆ ಕಟ್ಟಿಹಾಕುತ್ತದೆ. ಹಾಗಾಗಿ ಅದೇ ಯಂತ್ರದಲ್ಲಿ ಅದೇ ಆವೃತ್ತಿಯನ್ನು ಮರಳಿ ಹಾಕಿದರೆ ಹಕ್ಕು ಹೋಗುವುದಿಲ್ಲ. ವಿಂಡೋಸ್ 8ರ ಕಾಲದಿಂದ ತಯಾರಕರು ಕೀಲಿಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಇಡತೊಡಗಿದರು. ವಿಂಡೋಸ್ 10ರಲ್ಲಿ ಡಿಜಿಟಲ್ ಪರವಾನಗಿಯ ದಾಖಲೆ ಮೈಕ್ರೋಸಾಫ್ಟಿನ ಸರ್ವರಿನಲ್ಲಿರುತ್ತದೆ. ಹಾರ್ಡ್ ಡಿಸ್ಕ್ ಬದಲಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ಮದರ್‌ಬೋರ್ಡ್ ಬದಲಾದರೆ ಮಾತ್ರ ಅದು ಬೇರೆ ಯಂತ್ರವೆನಿಸಬಹುದು. ನಕಲು ತಡೆಯಲು ಈ ಕಟ್ಟು ಬೇಕೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಕೆಟ್ಟ ಬೋರ್ಡನ್ನು ಬದಲಿಸಿ ಯಂತ್ರ ಉಳಿಸಿಕೊಂಡ ಪ್ರಾಮಾಣಿಕ ಬಳಕೆದಾರರೂ ತಮ್ಮ ಹಕ್ಕನ್ನು ಮತ್ತೆ ರುಜುವಾತುಪಡಿಸಬೇಕಾಗುವುದು ಸರಿಯಲ್ಲ. ಇನ್ನು, ಸಕ್ರಿಯವಾದ ಮಾತ್ರಕ್ಕೆ ವ್ಯವಸ್ಥೆ ಸುರಕ್ಷಿತವೂ ಅಲ್ಲ: ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಉಚಿತ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೆ ನಿಂತುಹೋದವು.